ಮೊದಲು ಹಸಿವೆ ಬರಲಿ ಬಿಡು, ದೋಸ್ತ

ಪ್ರೀತಿಯ ದೋಸ್ತ,

ನಿನ್ನೆ ರಾತ್ರಿ ನಾವು ಫೋನಿನಲ್ಲಿ ನಲವತ್ತು ನಿಮಿಷ ಮಾತಾಡಿದೆವು. ಅಷ್ಟೂ ಹೊತ್ತು ಹಿಂದಿನಿಂದ ಕಾರ್ಟೂನಿನ ಹಾಡು ಕೇಳುತ್ತಿತ್ತು. ನಡುನಡುವೆ ನಿನ್ನ ಮಗಳು ಪುಟ್ಟಿಗೆ ಉಣಿಸುತ್ತಿದ್ದ ವೈನಿಯ ದನಿ, "ಇದೊಂದೇ ತುತ್ತು, ಬಾಯಿ ತೆಗಿ ನಮ್ಮವ್ವ." ಆ ಒಂದು ತುತ್ತು ನಾವು ಫೋನ್ ಇಟ್ಟರೂ ಮುಗಿದಿರಲಿಲ್ಲ. ನೀನು ಕೇಳಿದೆ, "ನೀ ಪಿ.ಟಿ. ಮಾಸ್ತರ ಅದೀಯಲೇ, ಏನರ ಹೇಳು." ಆಗ ನಾನು ಮಾತು ಹಾರಿಸಿದೆ. ನಿಜ ಹೇಳಬೇಕೆಂದರೆ ನಾಚಿಕೆ ಆಯಿತು. ಹೋದ ವರ್ಷ ನಮ್ಮ ಮನೆಯಲ್ಲೂ ಇದೇ ನಾಟಕ ನಡೆದಿತ್ತು, ಮಾಸ್ತರನ ಮಗನೇ ಹೀರೋ.

ಗೋಳಗುಮ್ಮಟದಿಂದ ಶುರು ಮಾಡುತ್ತೇನೆ. ಒಂದು ರವಿವಾರ ಬೆಳಿಗ್ಗೆ ಸಣ್ಣವನನ್ನು ಕರೆದುಕೊಂಡು ಹೋದೆ. ಆಗ ಅವನಿಗೆ ಐದೂವರೆ ವರ್ಷ. ನೆನಪಿದೆಯಲ್ಲ, ಆ ಮೂಲೆಯ ಮಿನಾರಿನ ಮೆಟ್ಟಿಲು? ನಾವಿಬ್ಬರೂ ಪೈಪೋಟಿ ಹಚ್ಚಿ ಏಳೂ ಅಂತಸ್ತು ಓಡಿ ಏರುತ್ತಿದ್ದೆವು. ಇವನು ಎರಡನೇ ಅಂತಸ್ತಿಗೆ ಕಿಟಕಿ ಹತ್ತಿರ ಕೂತೇಬಿಟ್ಟ. "ಅಪ್ಪಾ, ಎತ್ಗೋ." ಬೈಯಬೇಕೆಂದು ಬಾಯಿ ತೆಗೆದರೆ ನನಗೇ ಮಾತು ಹೊರಡಲಿಲ್ಲ. ಏದುಸಿರು. ಮುನ್ನೂರು ಹುಡುಗರಿಗೆ ಸೀಟಿ ಊದಿ ಓಡಿಸುವವನು ನಾನು, ಆದರೆ ನಾನೇ ಓಡಿ ಎಷ್ಟು ವರ್ಷವಾಗಿತ್ತೋ! ಅಪ್ಪ ಮಗ ಇಬ್ಬರೂ ಅಲ್ಲೇ ಕೂತು ಪಾರಿವಾಳ ನೋಡಿ ಕೆಳಗಿಳಿದೆವು. ಮನೆಗೆ ಬಂದು ಮೇಲೆ ಹೋಗಿದ್ದೆವು ಅಂತ ಸುಳ್ಳು ಹೇಳಿದೆ.

ಆ ದಿನ ರಾತ್ರಿ ಒಂದು ಹಾಳೆಯ ಮೇಲೆ ಅವನು ಬೆಳಿಗ್ಗೆಯಿಂದ ತಿಂದದ್ದನ್ನೆಲ್ಲ ಬರೆದೆ. ಎದ್ದ ಕೂಡಲೆ ಅಜ್ಜಿಯ ಜೊತೆ ಚಹಾ, ಅದರಲ್ಲಿ ಅದ್ದಿದ ಎರಡು ಖಾರಿ. ಒಂಬತ್ತಕ್ಕೆ ಬಣ್ಣದ ಪುಡಿ ಕಲಸಿದ ಹಾಲು. ಹನ್ನೊಂದಕ್ಕೆ ಬಿಸ್ಕೀಟು. ಮಧ್ಯಾಹ್ನ ನಾಲ್ಕು ತುತ್ತು ಅನ್ನ, ಅದೂ ಫೋನ್ ಹಿಡಿದುಕೊಂಡು. ಸಂಜೆ ಚಿಪ್ಸ್, ಮತ್ತೆ ಚಹಾ. ರಾತ್ರಿ ಊಟಕ್ಕೆ ಕೂತರೆ ವಾಂತಿ ಬಂದವರ ಹಾಗೆ ಮುಖ. ಹಾಳೆ ನೋಡಿ ಹೆಂಡತಿ ಒಂದೇ ಮಾತು ಹೇಳಿದಳು: "ಇವನಿಗೆ ಹಸಿವಿ ಆಗೂದರ ಯಾವಾಗ್ರೀ?"

ಅಷ್ಟೇ ದೋಸ್ತ, ನಮ್ಮ ಸಮಸ್ಯೆ ಅದೇ ಆಗಿತ್ತು. ಅವನು ಉಣ್ಣುವುದಿಲ್ಲ ಅಂತ ನಾವು ಎರಡು ವರ್ಷ ಕೊರಗಿದೆವು. ಹಸಿವೆ ಬರಲು ನಾವು ಬಿಟ್ಟೇ ಇರಲಿಲ್ಲ.

ಆ ಬಣ್ಣದ ಪುಡಿಯ ಡಬ್ಬಿಯನ್ನು ಆಗ ಮೊದಲ ಸಲ ತಿರುಗಿಸಿ ಓದಿದೆ. ಮೂರರಲ್ಲಿ ಒಂದು ಪಾಲು ಸಕ್ಕರೆ! ಎತ್ತರ ಬೆಳೆಯುತ್ತಾನೆ ಅಂತ ತಿಂಗಳಿಗೆ ಎರಡು ಡಬ್ಬಿ ತರುತ್ತಿದ್ದೆವು. 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವೇ ಆನ್‌ಲೈನ್ ಅಂಗಡಿಗಳಿಗೆ ಇಂಥ ಪುಡಿಗಳನ್ನು ‘ಹೆಲ್ತ್ ಡ್ರಿಂಕ್’ ಅನ್ನುವ ಪಟ್ಟಿಯಿಂದ ತೆಗೆಯಿರಿ ಅಂತ ಹೇಳಿತ್ತಂತೆ. ನಮಗೆ ಗೊತ್ತೇ ಇರಲಿಲ್ಲ. ನಿನ್ನ ಎರಡನೆಯವನಿಗೆ ಇನ್ನೂ ಒಂದೂವರೆ ವರ್ಷ ಅಲ್ವಾ? ಅವನಿಗೆ ಸಕ್ಕರೆಯ ರುಚಿಯನ್ನೇ ಹಚ್ಚಬೇಡ. ಎರಡು ವರ್ಷದ ತನಕ ಮೇಲಿನಿಂದ ಸಕ್ಕರೆ ಹಾಕುವುದು ಬೇಡ ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುತ್ತದೆ.

ಚಹಾ ನಿಲ್ಲಿಸುವುದೇ ದೊಡ್ಡ ಯುದ್ಧ ಆಯಿತು. ಅವ್ವ ನಿನಗೆ ಗೊತ್ತಲ್ಲ. "ನಿನಗೂ ಕುಡಿಸೇ ಬೆಳಿಸೀನಿ, ಏನಾಗೇತಿ ನಿನಗ?" ಅಂದಳು. ನಾನು ಹೊಟ್ಟೆ ಮುಟ್ಟಿಕೊಂಡು ಸುಮ್ಮನಾದೆ. ಮಕ್ಕಳ ಡಾಕ್ಟರ ಹತ್ತಿರ ಅವ್ವನನ್ನೇ ಕರೆದುಕೊಂಡು ಹೋದೆ. ಅವರು ಮೊದಲು ಹುಡುಗನ ತೂಕ, ಎತ್ತರ ನೋಡಿದರು. ತೂಕ ಸರಿ ಇದೆ, ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆ ಅಂದರು. ಊಟದಲ್ಲಿನ ಕಬ್ಬಿಣದ ಅಂಶ ಮೈಗೆ ಹತ್ತದ ಹಾಗೆ ಚಹಾ ತಡೆಯುತ್ತದೆ ಅಂತ ಬಿಡಿಸಿ ಹೇಳಿದರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ನಮ್ಮ ದೇಶದ ಮಕ್ಕಳಲ್ಲಿ ನೂರಕ್ಕೆ 67 ಮಂದಿಗೆ ರಕ್ತಹೀನತೆ ಇತ್ತು. ಅಂಕಿಗೆ ಅವ್ವ ಬಗ್ಗಲಿಲ್ಲ. ಡಾಕ್ಟರು "ಅಜ್ಜಿ, ನಿಮ್ಮ ಕೈಯಾಗ ಐತಿ" ಅಂದದ್ದಕ್ಕೆ ಬಗ್ಗಿದಳು. ಈಗ ಅವಳು ಚಹಾ ಕುಡಿಯುವಾಗ ಅವನು ಬಟ್ಟಲಲ್ಲಿ ಹಾಲು ಕುಡಿಯುತ್ತಾನೆ, ಫುರ್ ಅಂತ ಅಜ್ಜಿಯ ಹಾಗೇ ಸದ್ದು ಮಾಡುತ್ತ.

ಆಮೇಲೆ ಫೋನು. ಇದಕ್ಕೆ ಮನಸ್ಸು ಗಟ್ಟಿ ಮಾಡಿಕೋ. ಮೊದಲ ರಾತ್ರಿ ತಟ್ಟೆ ದೂಡಿದ. ಎರಡನೇ ರಾತ್ರಿ ಅತ್ತು ಅತ್ತು ಒಂದು ಲೋಟ ಹಾಲು ಕುಡಿದು ಹಾಗೇ ಮಲಗಿದ. ಹೆಂಡತಿ ಅಡುಗೆಮನೆಯಲ್ಲಿ ಅತ್ತಳು. ಅವ್ವ ನನ್ನ ಜೊತೆ ಮಾತು ಬಿಟ್ಟಳು, "ಕೂಸು ಉಪಾಸ ಮಲಗೇತಿ, ನಿನಗ ಕರಳು ಐತೇನು?" ನನಗೂ ನಿದ್ದೆ ಬರಲಿಲ್ಲ. ಮೂರನೇ ದಿನ ಬೆಳಿಗ್ಗೆ ತಾನೇ ಅಡುಗೆಮನೆಗೆ ಬಂದು, "ಅವ್ವಾ, ರೊಟ್ಟಿ ಆತೇನ?" ಅಂತ ಕೇಳಿದ. ಒಂದೂವರೆ ರೊಟ್ಟಿ, ಬೆಣ್ಣೆ ಹಚ್ಚಿಕೊಂಡು. ನಾವು ಮೂವರೂ ಕಳ್ಳರ ಹಾಗೆ ನೋಡುತ್ತ ನಿಂತಿದ್ದೆವು.

ಒಂದು ಮಾತು, ಇದನ್ನು ಡಾಕ್ಟರಿಗೆ ತೋರಿಸಿದ ಮೇಲೆ ಮಾಡಿದ್ದು. ಪುಟ್ಟಿಯ ತೂಕ ಕಡಿಮೆ ಇದ್ದರೆ, ಪದೇ ಪದೇ ಕಾಯಿಲೆ ಬೀಳುತ್ತಿದ್ದರೆ ನನ್ನ ಮಾತು ಕೇಳಬೇಡ. ಮೊದಲು ತೋರಿಸು.

ಈಗ ನಮ್ಮಲ್ಲಿ ಇರುವುದು ಒಂದೇ ಕಾಯಿದೆ. ಏನು ಅಡುಗೆ, ಎಷ್ಟು ಹೊತ್ತಿಗೆ ಅನ್ನುವುದು ನಮ್ಮದು. ಎಷ್ಟು ಉಣ್ಣಬೇಕು ಅನ್ನುವುದು ಅವನದು. "ಸಾಕು" ಅಂದರೆ ಸಾಕು. ಇದನ್ನು ನಾನು ನಮ್ಮ ಶಾಲೆಯ ಬಿಸಿಯೂಟದಲ್ಲಿ ದಿನಾ ನೋಡುತ್ತಿದ್ದೆ, ತಲೆಗೆ ಹೋಗಿರಲಿಲ್ಲ ಅಷ್ಟೆ. ನೂರು ಹುಡುಗರು ಸಾಲಾಗಿ ಕೂತಿರುತ್ತಾರೆ. ಯಾರ ಬಾಯಿಗೂ ಯಾರೂ ತುರುಕುವುದಿಲ್ಲ. ಮನೆಯಲ್ಲಿ ಪಲ್ಯ ಮುಟ್ಟದವನು ಪಕ್ಕದವನನ್ನು ನೋಡಿ ಸಾಂಬಾರಿನ ಗಜ್ಜರಿ ನುಂಗುತ್ತಾನೆ, ಮೊಟ್ಟೆ ಕೊಡುವ ದಿನ ಸಾಲಿನಲ್ಲಿ ಎರಡು ಸಲ ನಿಲ್ಲಲು ನೋಡುತ್ತಾನೆ. ಉಣ್ಣುವ ಮುಂಚೆ ಬಯಲಲ್ಲಿ ಕುಣಿದು ಬಂದಿರುತ್ತಾರೆ, ಅದೂ ಸೇರಿತು. ಹಾಗಾಗಿ ನಾವೂ ರಾತ್ರಿ ಎಂಟಕ್ಕೆ ನಾಲ್ವರೂ ನೆಲಕ್ಕೆ ಕೂತು ಒಟ್ಟಿಗೆ ಉಣ್ಣಲು ಶುರು ಮಾಡಿದೆವು. ನಾನು ಟಿವಿ ಮುಂದೆ ತಟ್ಟೆ ಒಯ್ಯುವುದು ಬಂದ್.

ರೊಟ್ಟಿ ವಿಷಯ ಬಂತಲ್ಲ, ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಬೇಜಾರಾಗಬೇಡ. ನಮ್ಮದು ಡೋಣಿ ಹೊಳೆಯ ಸೀಮೆ, ‘ಡೋಣಿ ಹರಿದರೆ ಓಣಿಯೆಲ್ಲ ಜೋಳ’ ಅನ್ನುವ ಊರು. ಅದೇ ಓಣಿಯ ಅಂಗಡಿಯಲ್ಲಿ ಈಗ ಚಿಪ್ಸ್ ಪಾಕೀಟಿನ ಸರ ತೋರಣದ ಹಾಗೆ ತೂಗುತ್ತದೆ. ಜೋಳದಲ್ಲಿ ನೂರು ಗ್ರಾಂಗೆ ಸುಮಾರು ಹತ್ತು ಗ್ರಾಂ ಪ್ರೋಟೀನು, ಅಷ್ಟೇ ನಾರು ಇದೆ. ಆದರೆ ಅದನ್ನು ಹೇಳಿ ಯಾವ ಹುಡುಗನೂ ರೊಟ್ಟಿ ತಿಂದಿಲ್ಲ. ನಮ್ಮವನು ತಿಂದದ್ದು ಬಡಿಯಲು ಕೂತ ಮೇಲೆ. ಅವ್ವ ಹಿಟ್ಟಿನ ನಡುವೆ ಗುಳಿ ಮಾಡಿ ಎಸರು ಸುರಿಯುತ್ತಾಳೆ. ಅದು ಆರುವ ತನಕ ಇವನು ಮುಟ್ಟುವ ಹಾಗಿಲ್ಲ. ಆಮೇಲೆ ನಾದಿ ಒಂದು ನಿಂಬೆಹಣ್ಣಿನಷ್ಟು ಹಿಟ್ಟು ಇವನ ಕೈಗೆ. ಅಜ್ಜಿಯ ರೊಟ್ಟಿ ತಿರುಗುತ್ತ ತಿರುಗುತ್ತ ಚಂದ್ರನ ಹಾಗೆ ದೊಡ್ಡದಾಗುತ್ತದೆ. ಇವನದು ಮೂಲೆಗೊಂದು ಹರಿದು ಜಿಲ್ಲೆಯ ನಕಾಶೆ ಆಗುತ್ತದೆ. ಹಂಚಿಗೆ ಹಾಕಿ, ಮೇಲೆ ಬಟ್ಟೆಯಿಂದ ನೀರು ಸವರುವುದು ಅಜ್ಜಿಯ ಕೆಲಸ. ಆ ನಕಾಶೆಯನ್ನು ಅವನು ಯಾರಿಗೂ ಕೊಡುವುದಿಲ್ಲ, ಸುಟ್ಟ ಅಂಚಿನ ಸಮೇತ ತಿನ್ನುತ್ತಾನೆ. ಪುಟ್ಟಿಗೆ ನಾಲ್ಕು ವರ್ಷ, ಅವಳಿಗೂ ಒಂದು ಮುಷ್ಟಿ ಹಿಟ್ಟು ಕೊಟ್ಟು ನೋಡು. ನೆಲವೆಲ್ಲ ಹಿಟ್ಟಾಗುತ್ತದೆ, ವೈನಿಗೆ ಮೊದಲೇ ಹೇಳಿರು.

ಪಲ್ಯ ಮಾತ್ರ ಬೇಗ ಬಗೆಹರಿಯಲಿಲ್ಲ. ಹೊಸ ರುಚಿ ಮಗುವಿಗೆ ಒಗ್ಗಲು ಹತ್ತು ಹದಿನೈದು ಸಲ ಬಡಿಸಬೇಕಾಗಬಹುದು. ನಾವು ಎರಡು ಸಲಕ್ಕೆ ‘ಇವನಿಗೆ ಸೇರೋದಿಲ್ಲ’ ಅಂತ ಷರಾ ಬರೆದುಬಿಡುತ್ತೇವೆ. ತಟ್ಟೆಯ ಮೂಲೆಯಲ್ಲಿ ಒಂದು ಚಮಚ ಮೆಂತೆ ಪಲ್ಯ ಹಾಕುತ್ತಿದ್ದೆವು, ಏನೂ ಅನ್ನುತ್ತಿರಲಿಲ್ಲ. ಮೂರು ವಾರ ಅದು ಹಾಗೇ ವಾಪಸ್ಸು ಬಂತು. ಒಂದು ದಿನ ನೋಡಿದರೆ ಮೂಲೆ ಖಾಲಿ. ಹೊಗಳಬೇಡ ಅಂತ ಹೆಂಡತಿ ಕಣ್ಣಲ್ಲೇ ಹೇಳಿದಳು, ಹೊಗಳಿದರೆ ಮರುದಿನ ಬೆಲೆ ಏರಿಸುತ್ತಾನೆ. ಮೊಳಕೆ ಬಂದ ಹೆಸರುಕಾಳಿನ ಮೇಲೆ ನಿಂಬೆ ತಾನೇ ಹಿಂಡಬೇಕು, ಅದೂ ನಮ್ಮ ಇಂಡಿ ತಾಲೂಕಿನ ನಿಂಬೆ. ಕಾಳಿನ ಕಬ್ಬಿಣಾಂಶ ಮೈಗೆ ಹತ್ತಲು ಹುಳಿ ಬೇಕು ಅಂತ ಡಾಕ್ಟರು ಹೇಳಿದ್ದು ಅವ್ವನಿಗೆ ಬಹಳ ಹಿಡಿಸಿದೆ. ಬದನೆಕಾಯಿ ಇವತ್ತಿಗೂ ಮುಟ್ಟುವುದಿಲ್ಲ. ಬಿಡು, ನೀನೂ ಮುಟ್ಟುತ್ತಿರಲಿಲ್ಲ.

ಶೇಂಗಾ ಇಡಿ ಕಾಳು ಸಣ್ಣವರ ಕೈಗೆ ಕೊಡಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಪುಡಿ ಮಾಡಿ ಹಿಂಡಿಯಾಗಿ, ಅಂದರೆ ಚಟ್ನಿಪುಡಿಯಾಗಿ ಕೊಡು. ತಿಕೋಟಾದ ದ್ರಾಕ್ಷಿ ಅಲ್ಲಿಗೂ ಬರುತ್ತದೆ, ಉದ್ದಕ್ಕೆ ಸೀಳಿಯೇ ಕೊಡಬೇಕು.

ಚಿಪ್ಸ್ ಪೂರ್ತಿ ನಿಂತಿಲ್ಲ. ಜಾಸ್ತಿ ಕೊಬ್ಬು, ಉಪ್ಪು, ಸಕ್ಕರೆ ಇರುವ ತಿನಿಸನ್ನು ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದು ಅಂತ 2020ರಲ್ಲಿ ನಿಯಮ ಬಂದಿದೆ. ಅವನ ಶಾಲೆಯ ಗೇಟಿನಿಂದ ಅಂಗಡಿಗೆ ಹೆಜ್ಜೆ ಎಣಿಸಿದೆ, ಇಪ್ಪತ್ತೆರಡು. ಅದೇ ಶಾಲೆಯಲ್ಲಿ ಆಟದ ಪೀರಿಯಡ್ ಅನ್ನು ಗಣಿತದವರು ಕಿತ್ತುಕೊಳ್ಳುತ್ತಾರೆ. ಪಿ.ಟಿ. ಮಾಸ್ತರನಾಗಿ ನನಗೆ ಎಷ್ಟು ಉರಿದಿರಬೇಡ! ಹೋಗಿ ಕೇಳಿದೆ. "ಮನೆಯಲ್ಲಿ ಆಡಿಸಿ ಸರ್" ಅಂದರು.

ಆಡಿಸಲು ಹೊರಟೆ. ಐದು ವರ್ಷ ದಾಟಿದ ಮಕ್ಕಳು ದಿನಕ್ಕೆ ಒಂದು ತಾಸಾದರೂ ಬೆವರು ಬರುವ ಹಾಗೆ ಆಡಬೇಕು, ಪುಟ್ಟಿಯ ವಯಸ್ಸಿನವರು ಒಟ್ಟು ಮೂರು ತಾಸು ಓಡಾಡಬೇಕು, ಸ್ಕ್ರೀನು ಒಂದು ತಾಸು ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಮೂರು ತಾಸು ಅಂದರೆ ಗಾಬರಿ ಬೀಳಬೇಡ, ಒಂದೇ ಸಲಕ್ಕೆ ಅಲ್ಲ. ಮಾಸ್ತರ ಬುದ್ಧಿ ನೋಡು, ಮೊದಲ ವಾರ ನಾನು ಅವನಿಗೆ ಕವಾಯತು ಮಾಡಿಸಿದೆ. ಸೀಟಿ ಸಮೇತ. ನಾಲ್ಕನೇ ದಿನ ಅವನು ಸೀಟಿಯನ್ನು ನೀರಿನ ಟಾಕಿಗೆ ಎಸೆದ. ಒಳ್ಳೆಯದೇ ಆಯಿತು. ಮಾಳಿಗೆ ಮೇಲೆ ಸುಣ್ಣದ ಕಡ್ಡಿಯಿಂದ ಕುಂಟಾಬಿಲ್ಲೆಯ ಮನೆ ಬರೆದೆ. ಪಕ್ಕದ ಮನೆಯ ಎರಡು ಹುಡುಗಿಯರು ಬಂದರು. ನನ್ನ ಕೆಲಸ ಅಲ್ಲಿಗೆ ಮುಗಿಯಿತು. ಈಗ ಲಗೋರಿಗೆ ಹಂಚಿನ ಚೂರು ಹುಡುಕಿ ಕೊಡುವುದಷ್ಟೇ ನನ್ನ ಪಾಲಿಗಿದೆ. ಸಂಜೆ ಕಾಯಿಪಲ್ಲೆ ತರಲು ಗಾಡಿ ಬಿಟ್ಟು ನಡೆದು ಹೋಗುತ್ತೇವೆ, ಚೀಲದ ಒಂದು ಕಿವಿ ಅವನಿಗೆ.

ನೀನು ಹೇಳಿದ ಆ ಮಕ್ಕಳ ಫಿಟ್‌ನೆಸ್ ಕ್ಲಾಸಿಗೆ ದುಡ್ಡು ಕಟ್ಟಬೇಡ. ನಾಲ್ಕು ವರ್ಷದ ಕೂಸಿಗೆ ಎಂಥ ಕ್ಲಾಸೋ ಮಾರಾಯ! ಒಂಬತ್ತನೇ ಮಹಡಿಯಿಂದ ಎರಡು ಮಹಡಿಯಾದರೂ ಲಿಫ್ಟ್ ಬಿಟ್ಟು ಇಳಿಸು. ಒಂದು ಸಣ್ಣ ಸೈಕಲ್ ಕೊಡಿಸು. ನಮ್ಮ ಜಿಲ್ಲೆ ಸೈಕಲ್ ಪಟುಗಳ ಜಿಲ್ಲೆ, ರಕ್ತದಲ್ಲಿ ಸ್ವಲ್ಪ ಇದ್ದೇ ಇರುತ್ತದೆ.

ಹೋದ ತಿಂಗಳು ಮತ್ತೆ ಗೋಳಗುಮ್ಮಟಕ್ಕೆ ಹೋಗಿದ್ದೆವು. ಗದ್ದಲ ಶುರುವಾಗುವ ಮುಂಚೆ, ಬೆಳಿಗ್ಗೆ ಬೇಗ. ಅವನು ನಾಲ್ಕನೇ ಅಂತಸ್ತಿನಲ್ಲಿ ನಿಂತು, "ಅಪ್ಪಾ, ಎತ್ಗೋಬೇಕೇನ?" ಅಂತ ನನ್ನನ್ನೇ ಕೇಳಿದ. ನಾನು ಮೇಲೆ ತಲುಪುವ ಹೊತ್ತಿಗೆ ಅವನು ಪಿಸುಗುಟ್ಟುವ ಗ್ಯಾಲರಿಯ ಕಟ್ಟೆ ಹಿಡಿದು ನಿಂತಿದ್ದ. ಒಂದು ವರ್ಷ ಮನೆಯಲ್ಲಿ ಇಷ್ಟೆಲ್ಲ ನಡೆಸಿದ್ದೇವೆ, ಹುಡುಗ ಗುಮ್ಮಟಕ್ಕೆ ಏನು ಕೂಗಿದ ಗೊತ್ತಾ? "ಮಿರ್ಚಿ ಭಜಿ!" ಏಳು ಸಲ ಭಜಿ, ಭಜಿ, ಭಜಿ ಅಂತ ತಿರುಗಿ ಬಂತು. ವಾಕಿಂಗಿಗೆ ಬಂದ ಯಾರೋ ಹಿರಿಯರು ನಕ್ಕರು. ಕೆಳಗಿಳಿದು ಗಾಡಿಯ ಹತ್ತಿರ ಇಬ್ಬರೂ ಒಂದೊಂದು ತಿಂದೆವು. ಶನಿವಾರ, ರವಿವಾರದ ಭಜಿ ನಿಲ್ಲಿಸುವ ವಿಚಾರ ನಮಗಿಲ್ಲ.

ನಾಳೆ ರಾತ್ರಿ ಬಸ್ಸಿಗೆ ಒಂದು ಪಾರ್ಸಲ್ ಹಾಕುತ್ತೇನೆ, ಬೆಳಿಗ್ಗೆ ಇಳಿಸಿಕೋ. ಐದು ಕಿಲೋ ಬಿಳಿಜೋಳದ ಹಿಟ್ಟು ಇದೆ, ಬೇಗ ಮುಗಿಸು, ಇಟ್ಟರೆ ಕಹಿಯಾಗುತ್ತದೆ. ಶೇಂಗಾ ಹಿಂಡಿಯ ಎರಡು ಡಬ್ಬಿ ಇವೆ. ಕೆಂಪು ಮುಚ್ಚಳದ್ದು ನಿನಗೆ. ಹಳದಿ ಮುಚ್ಚಳದ್ದಕ್ಕೆ ಅವ್ವ ಖಾರ ಹಾಕಿಲ್ಲ, ಅದು ಪುಟ್ಟಿಗೆ. ಅದಲುಬದಲು ಮಾಡಬೇಡ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಲು ಬಾ, ಮಕ್ಕಳನ್ನೂ ಕರೆದುಕೊಂಡು ಬಾ. ಎಳೆ ಜೋಳದ ಸೀತನಿ ಸುಡೋಣ. ಪುಟ್ಟಿಗೆ ಬೂಟು ಹಾಕಿಸಿಕೊಂಡು ಬಾ, ಎರಿ ಹೊಲದ ಹೆಂಟೆ ಕಾಲಿಗೆ ಚುಚ್ಚುತ್ತವೆ.

ನಿನ್ನ,
ವಿಜಯಪುರದ ದೋಸ್ತ