ಪರಮಾಣುವಿಗೆ ಉಂಗುರ ತೊಡಿಸಬೇಡಿ

ಸಂಪಾದಕರೇ,

ಕಳೆದ ವಾರ ನಿಮ್ಮ ವಿಜ್ಞಾನ ಪುಟದಲ್ಲಿ ಪರಮಾಣುವಿನ ಚಿತ್ರ ಬಂದಿತ್ತು. ಮಧ್ಯದಲ್ಲಿ ಕೆಂಪು, ನೀಲಿ ಗೋಲಿಗಳ ಗುಂಪು, ಅಂದರೆ ಪ್ರೋಟಾನ್, ನ್ಯೂಟ್ರಾನ್ ಸೇರಿದ ನ್ಯೂಕ್ಲಿಯಸ್. ಸುತ್ತ ಮೂರು ಉಂಗುರ, ಅದರ ಮೇಲೆ ಎಲೆಕ್ಟ್ರಾನ್‌ಗಳು. ಸೂರ್ಯನನ್ನು ಗ್ರಹಗಳು ಸುತ್ತಿದ ಹಾಗೆ ಇವೂ ಸುತ್ತುತ್ತವೆ ಅಂತ ಕೆಳಗೆ ಬರೆದಿದ್ದೀರಿ. ನಮ್ಮ ಮನೆಯ ಹುಡುಗಿ ಅದನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಂಡಳು. ಸ್ವಲ್ಪ ಹೊತ್ತಿಗೆ ಬಂದು, ಪ್ರೋಟಾನ್ ಪ್ಲಸ್, ಎಲೆಕ್ಟ್ರಾನ್ ಮೈನಸ್, ಎರಡೂ ಎಳೆದುಕೊಳ್ಳುತ್ತವೆ, ಹಾಗಿದ್ದರೆ ಎಲೆಕ್ಟ್ರಾನ್ ಒಳಗೆ ಬೀಳಲ್ವಾ ಅಂತ ಕೇಳಿದಳು.

ಸುತ್ತುತ್ತಾ ಇದೆಯಲ್ಲ, ಅದಕ್ಕೇ ಬೀಳಲ್ಲ ಅನ್ನುವ ಉತ್ತರ ಗ್ರಹಕ್ಕೆ ಸಾಕು, ಎಲೆಕ್ಟ್ರಾನ್‌ಗೆ ಸಾಲದು. ಚಾರ್ಜ್ ಇರುವ ಕಣ ಹಾಗೆ ಸುತ್ತಿದರೆ ಹಳೆಯ ಭೌತಶಾಸ್ತ್ರದ ಪ್ರಕಾರ ಶಕ್ತಿಯನ್ನು ಬೆಳಕಾಗಿ ಚೆಲ್ಲುತ್ತಾ, ಕಣ್ಣು ಮಿಟುಕಿಸುವುದರೊಳಗೆ ನ್ಯೂಕ್ಲಿಯಸ್ಸಿಗೆ ಬಿದ್ದುಬಿಡಬೇಕು. ವಿಜ್ಞಾನಿ ರುದರ್‌ಫೋರ್ಡ್ 1911ರಲ್ಲಿ ನ್ಯೂಕ್ಲಿಯಸ್ ಇದೆ ಅಂದಾಗಲೇ ಈ ತಲೆನೋವು ಶುರುವಾಗಿತ್ತು. 1913ರಲ್ಲಿ ಇನ್ನೊಬ್ಬ ವಿಜ್ಞಾನಿ ಬೋರ್, ಎಲೆಕ್ಟ್ರಾನ್‌ಗೆ ಕೆಲವೇ ಕಕ್ಷೆಗಳು ಮೀಸಲು, ಅಲ್ಲಿದ್ದಾಗ ಅದು ಶಕ್ತಿ ಚೆಲ್ಲುವುದಿಲ್ಲ ಅಂತ ಒಂದು ನಿಯಮ ಹಾಕಿದರು. ಹೈಡ್ರೋಜನ್‌ಗೆ ಲೆಕ್ಕ ಚೆನ್ನಾಗಿ ಕೂತಿತು, ಎರಡೇ ಎಲೆಕ್ಟ್ರಾನ್ ಇರುವ ಹೀಲಿಯಂನಲ್ಲಿ ಕೈಕೊಟ್ಟಿತು. 1926ರಲ್ಲಿ, ಎಲೆಕ್ಟ್ರಾನನ್ನು ಅಲೆಯಂತೆ ಲೆಕ್ಕ ಹಾಕುವ ಶ್ರೋಡಿಂಗರ್ ಸಮೀಕರಣ ಬಂದಮೇಲೆ ಉಂಗುರದ ಕಥೆಯೇ ಮುಗಿಯಿತು. ಎಲೆಕ್ಟ್ರಾನ್ ಇಂಥ ದಾರಿಯಲ್ಲೇ ಹೋಗುತ್ತಿದೆ ಅಂತ ಹೇಳಲು ಆಗುವುದಿಲ್ಲ, ಎಲ್ಲಿ ಸಿಗುವ ಸಂಭವ ಎಷ್ಟು ಅಂತ ಮಾತ್ರ ಹೇಳಬಹುದು, ಹಾಗಾಗಿ ಬಿಡಿಸುವುದಾದರೆ ಹೊರಗೆ ಹೋದಂತೆ ತೆಳುವಾಗುವ ಒಂದು ಮೋಡ ಬಿಡಿಸಬೇಕು. ಆ ಮೋಡವನ್ನು ಒಳಗೆ ಅದುಮಿದಷ್ಟೂ ಎಲೆಕ್ಟ್ರಾನ್‌ನ ಚಲನೆಯ ಶಕ್ತಿ ಏರುತ್ತದೆ. ಬೀಳದೆ ಇರುವುದು ಅದಕ್ಕೆ. ಇಷ್ಟನ್ನು ಹುಡುಗಿಗೆ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಅಳತೆಯ ವಿಷಯಕ್ಕೆ ಬರೋಣ. ಹೈಡ್ರೋಜನ್ ಪರಮಾಣು ತನ್ನ ನ್ಯೂಕ್ಲಿಯಸ್ಸಿಗಿಂತ ಸುಮಾರು 60 ಸಾವಿರ ಪಟ್ಟು ಅಗಲ. ನೀವು ವಾಕ್ಯದ ಕೊನೆಯಲ್ಲಿ ಇಡುವ ಚುಕ್ಕಿ ಅರ್ಧ ಮಿಲಿಮೀಟರ್ ಇದೆ ಅಂತಿಟ್ಟುಕೊಳ್ಳಿ. ಅದೇ ನ್ಯೂಕ್ಲಿಯಸ್ ಆದರೆ ಪರಮಾಣುವಿಗೆ 30 ಮೀಟರ್ ಅಗಲದ ಪುಟ ಬೇಕು. ಪುಟದಲ್ಲಿ ಜಾಗ ಇಲ್ಲ, ಒಪ್ಪುತ್ತೇನೆ. ಆದರೆ ಎಲೆಕ್ಟ್ರಾನ್ ಮತ್ತು ಪ್ರೋಟಾನ್ ಎರಡನ್ನೂ ಒಂದೇ ಗಾತ್ರದ ಗೋಲಿ ಮಾಡಿದ್ದು ಯಾಕೆ? ಪ್ರೋಟಾನ್ ತೂಕ ಎಲೆಕ್ಟ್ರಾನ್‌ನ 1836 ಪಟ್ಟು ಅಲ್ವಾ!

ಬರಹದಲ್ಲೂ ಎರಡು ತಪ್ಪಿವೆ. ಪ್ರತಿ ಪರಮಾಣುವಿನಲ್ಲೂ ಪ್ರೋಟಾನ್, ನ್ಯೂಟ್ರಾನ್, ಎಲೆಕ್ಟ್ರಾನ್ ಮೂರೂ ಕಣಗಳಿರುತ್ತವೆ ಅಂದಿದ್ದೀರಿ. ಸಾಮಾನ್ಯ ಹೈಡ್ರೋಜನ್‌ನಲ್ಲಿ ನ್ಯೂಟ್ರಾನೇ ಇಲ್ಲ. ಇವಕ್ಕಿಂತ ಚಿಕ್ಕ ಕಣ ಇಲ್ಲ ಅನ್ನುವುದೂ ಸರಿಯಲ್ಲ. ಎಲೆಕ್ಟ್ರಾನ್‌ನೊಳಗೆ ಈವರೆಗೆ ಏನೂ ಸಿಕ್ಕಿಲ್ಲ, ನಿಜ. ಪ್ರೋಟಾನ್‌ನೊಳಗೆ ಮಾತ್ರ ಕ್ವಾರ್ಕ್ ಅನ್ನುವ ಇನ್ನೂ ಚಿಕ್ಕ ಕಣಗಳಿವೆ: ಎರಡು ಅಪ್ ಕ್ವಾರ್ಕ್, ಒಂದು ಡೌನ್ ಕ್ವಾರ್ಕ್. ನ್ಯೂಟ್ರಾನ್‌ನಲ್ಲಿ ಉಲ್ಟಾ.

ಇನ್ನೊಂದು ಸಣ್ಣ ತಕರಾರು, ಇದು ನಿಮ್ಮೊಬ್ಬರದೇ ತಪ್ಪಲ್ಲ ಬಿಡಿ. ವಿಜ್ಞಾನ ಪುಟದಲ್ಲಿ ಪರಮಾಣು, ಮುಖಪುಟದಲ್ಲಿ ಅಣುಬಾಂಬ್. ಪಠ್ಯದಲ್ಲಿ ಅಣು ಅಂದರೆ ಪರಮಾಣುಗಳು ಸೇರಿ ಆಗುವಂಥದ್ದು, ನೀರಿನ ಅಣು ಅನ್ನುತ್ತೇವಲ್ಲ, ಹಾಗೆ. ಮಕ್ಕಳು ಯಾವುದನ್ನು ನಂಬಬೇಕು?

ಚಿತ್ರವೇ ಬೇಡ ಅನ್ನುತ್ತಿಲ್ಲ. ಪ್ರೋಟಾನ್ ಎಣಿಸಲು ಅದು ಸಾಕು. 6 ಇದ್ದರೆ ಕಾರ್ಬನ್, 79 ಇದ್ದರೆ ಚಿನ್ನ, ನ್ಯೂಟ್ರಾನ್ ಹೆಚ್ಚುಕಮ್ಮಿ ಆದರೂ ಹೆಸರು ಬದಲಾಗುವುದಿಲ್ಲ. ಮುಂದಿನ ಸಲ ಉಂಗುರ ಹಾಕಲೇಬೇಕಾದರೆ ಕೆಳಗೆ ಒಂದು ಸಾಲು ಸೇರಿಸಿ: ಇದು ಅಳತೆಗೆ ತಕ್ಕ ಚಿತ್ರ ಅಲ್ಲ, ಎಲೆಕ್ಟ್ರಾನ್ ಹೀಗೆ ಸುತ್ತುವುದಿಲ್ಲ. ದಪ್ಪ ಅಕ್ಷರದಲ್ಲಿ ಹಾಕಿದರೆ ಇನ್ನೂ ಒಳ್ಳೆಯದು.

ಇಂತಿ,
ನಿಮ್ಮ ಹಳೆಯ ಓದುಗ