ಕತ್ತುನೋವಿಗೆ ಬೇಕು ವ್ಯಾಯಾಮ

ಮಾನ್ಯರೇ,

ಮೆಟ್ರೊದ ಯಾವ ಬೋಗಿ ಹತ್ತಿದರೂ ಮೊಬೈಲಿನತ್ತ ಬಾಗಿದ ತಲೆಗಳ ಸಾಲೇ ಕಾಣುತ್ತದೆ. ಸುಮಾರು 5 ಕೆ.ಜಿ. ತೂಗುವ ತಲೆ ಮುಂದಕ್ಕೆ ಚಾಚಿದಷ್ಟೂ ಅದನ್ನು ಹಿಡಿದಿಡುವ ಹಿಂಗತ್ತಿನ ಸ್ನಾಯುಗಳ ಹೊರೆ ಹೆಚ್ಚುತ್ತದೆ. ಎರಡು ವರ್ಷ ಮಾತ್ರೆ, ಮುಲಾಮು, ಕತ್ತಿನ ಬೆಲ್ಟುಗಳಲ್ಲೇ ಕಳೆದ ನನಗೆ, ಕತ್ತಿನ ಮುಂಭಾಗದ ಒಳಪದರದ ಸ್ನಾಯುಗಳು ಸೊರಗಿವೆ ಎಂದು ತಿಳಿಸಿದವರು ನಮ್ಮ ಬಡಾವಣೆಯ ಫಿಸಿಯೊಥೆರಪಿಸ್ಟ್. ಅಂಗಾತ ಮಲಗಿ, ತಲೆ ಎತ್ತದೆ, ಹೂಂ ಎಂದು ತಲೆಯಾಡಿಸುವಂತೆ ಗದ್ದವನ್ನು ಮೆಲ್ಲನೆ ಒಳಕ್ಕೆಳೆದು 10 ಸೆಕೆಂಡು ಹಿಡಿಯಬೇಕು. ಹೀಗೆ 10 ಸಲ. ನೋಡಿದವರು ನಗುವಷ್ಟು ಸರಳ, ಆದರೆ ಮೊದಲ ದಿನ ಆರನೆಯ ಸಲಕ್ಕೇ ನನ್ನ ಕತ್ತು ನಡುಗಿತ್ತು. ಜೊತೆಗೆ ಹೆಗಲ ಹಿಂಬದಿಯ ಸ್ನಾಯುಗಳಿಗೂ ಕಸರತ್ತು ಬೇಕು. ಫಲ ಕಾಣಲು ನನಗೆ ಎಂಟು ವಾರ ಹಿಡಿಯಿತು.

ಭಂಗಿಯೊಂದನ್ನೇ ದೂರುವುದೂ ತರವಲ್ಲ. ಗಂಟೆಗಟ್ಟಲೆ ಅಲುಗಾಡದೆ ಕೂರುವುದು, ನಿದ್ದೆಗೇಡು, ಒತ್ತಡ ಎಲ್ಲವೂ ನೋವನ್ನು ಹೆಚ್ಚಿಸುತ್ತವೆ. ಆದರೆ ಕೈ ಜೋಮುಗಟ್ಟಿದರೆ ಅಥವಾ ಹಿಡಿತ ಸಡಿಲಿದರೆ ವ್ಯಾಯಾಮಕ್ಕೆ ಮೊದಲು ವೈದ್ಯರನ್ನು ಕಾಣಲೇಬೇಕು. ದುಬಾರಿ ಶುಲ್ಕ ತೆರಲಾಗದ ಹೊಲಿಗೆಯವರು, ಗಾರ್ಮೆಂಟ್ಸ್ ಕಾರ್ಮಿಕರಿಗಾಗಿ ನಗರದ ಸರ್ಕಾರಿ ‘ನಮ್ಮ ಕ್ಲಿನಿಕ್’ಗಳಲ್ಲಿ ವಾರಕ್ಕೊಮ್ಮೆಯಾದರೂ ಫಿಸಿಯೊಥೆರಪಿಸ್ಟ್ ಸೇವೆ ದೊರೆಯುವಂತೆ ಆರೋಗ್ಯ ಇಲಾಖೆ ಕ್ರಮ ಕೈಗೊಳ್ಳಲಿ.

– ಓರ್ವ ಓದುಗ, ರಾಜಾಜಿನಗರ, ಬೆಂಗಳೂರು