ರಸಾಯನಶಾಸ್ತ್ರದ ಚರಿತ್ರೆ ಬರೆದವರನ್ನೂ ನೆನೆಯೋಣ

ಮಾನ್ಯ ಸಂಪಾದಕರೇ,

ಹೊಸದನ್ನು ಕಂಡುಹಿಡಿದವರಿಗೆ ನೊಬೆಲ್ ಇದೆ. ಆ ಶೋಧಗಳ ಕಥೆಯನ್ನು ಹಳೆಯ ಕಾಗದಪತ್ರಗಳಲ್ಲಿ ಹುಡುಕಿ ಬರೆದಿಡುವವರಿಗೆ? ಅಮೆರಿಕನ್ ಕೆಮಿಕಲ್ ಸೊಸೈಟಿಯ ಚರಿತ್ರೆ ವಿಭಾಗ 1956ರಿಂದಲೇ ಅಂಥವರನ್ನು ಗೌರವಿಸುತ್ತ ಬಂದಿದೆ. ಆಗ ಅದಕ್ಕೆ ಡೆಕ್ಸ್ಟರ್ ಪ್ರಶಸ್ತಿ ಎಂಬ ಹೆಸರಿತ್ತು. ತುಂಬ ಒಳ್ಳೆಯ ಪದ್ಧತಿ.

ನಮ್ಮ ದೇಶದ ರಸಾಯನವಿಜ್ಞಾನಿ ಪ್ರಫುಲ್ಲಚಂದ್ರ ರೇ ಅವರನ್ನೇ ನೋಡಿ. ಕಾಲೇಜಿನಲ್ಲಿ ಪಾಠ, ಪ್ರಯೋಗಾಲಯ, ಜೊತೆಗೆ ಬೆಂಗಾಲ್ ಕೆಮಿಕಲ್ಸ್ ಎಂಬ ಔಷಧ ಕಂಪನಿ ಕಟ್ಟುವ ಕೆಲಸ. ಇಷ್ಟರ ನಡುವೆ ಹಳೆಯ ಸಂಸ್ಕೃತ ಹಸ್ತಪ್ರತಿಗಳನ್ನು ಓದಿ, 1902ರಲ್ಲೇ ಭಾರತದ ರಸಾಯನಶಾಸ್ತ್ರದ ಚರಿತ್ರೆಯ ಮೊದಲ ಸಂಪುಟ ತಂದರು! ಎಂಥ ಶ್ರದ್ಧೆ!

ನಮ್ಮ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಲ್ಲಿ ಎಷ್ಟು ಜನರಿಗೆ ಇದು ಗೊತ್ತು? ಸೂತ್ರಗಳನ್ನು ಸುಮ್ನೆ ಬಾಯಿಪಾಠ ಮಾಡಿಸುವ ಬದಲು, ಷೀಲೆ ಮತ್ತು ಪ್ರೀಸ್ಟ್ಲಿ ಬೇರೆ ಬೇರೆಯಾಗಿ ಆಮ್ಲಜನಕ ಕಂಡ ಕಥೆ ಹೇಳಿದರೆ ಪಾಠ ಜಾಸ್ತಿ ನೆನಪಿರುತ್ತದೆ, ಅಲ್ವಾ?

ಆಗಸ್ಟ್ 2 ರೇ ಅವರ ಜನ್ಮದಿನ. ಮಂಜೇಶ್ವರದಿಂದ ಹೊಸದುರ್ಗದವರೆಗಿನ ಶಾಲೆಗಳು ಅಂದು ಒಂದು ಪೀರಿಯಡ್ ಇದಕ್ಕಾಗಿ ಮೀಸಲಿಡಲಿ. ತಮ್ಮ ಪತ್ರಿಕೆಯೂ ಆ ವಾರ ಕನ್ನಡದಲ್ಲಿ ಒಂದು ಲೇಖನ ಪ್ರಕಟಿಸಲಿ ಎಂದು ಕೋರುತ್ತೇನೆ.

– ಓದುಗ, ಕುಂಬಳೆ